ಜೂಲಿ, ಪೆಪ್ಪರ್ಡ್, ಸ್ಟರ್ಬೈ: ವಿಜಯಪುರದ ಬಿಸಿಲಿಗೆ ಯಾವ ಕೋರಿ?

ಕೋರಿ (ಕೋರಿಡೋರಸ್) ಅಂದರೆ ಅಕ್ವೇರಿಯಂ ಟ್ಯಾಂಕಿನ ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು. ಜೂಲಿ, ಪೆಪ್ಪರ್ಡ್, ಸ್ಟರ್ಬೈ ಅದರ ಮೂರು ಜಾತಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಟರ್ಬೈಗೆ. ಈ ಮೂರು ಹೆಸರಿನಲ್ಲಿ ಮಾರುವ ಮೀನುಗಳನ್ನೂ ಸಾಕಿ ನೋಡಿಯೇ ಹೇಳುತ್ತಿದ್ದೇನೆ.

ತಲೆನೋವು ತಂದಿದ್ದು ಜೂಲಿ. ಬೆಳಗಾವಿಯ ಒಂದು ಅಂಗಡಿಯಲ್ಲಿ ಟ್ಯಾಂಕಿನ ಮೇಲೆ ‘ಜೂಲಿ ಕೋರಿ’ ಅಂತ ಚೀಟಿ ಅಂಟಿಸಿದ್ದರು. ರೇಟೂ ಜೂಲಿಯದೇ. ಮನೆಗೆ ತಂದು, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ತಲೆಯ ಮೇಲೆ ಚುಕ್ಕೆಗಳೇ ಇಲ್ಲ. ಎಲ್ಲಾ ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕು ಗೆರೆಗಳಾಗಿವೆ. ಅಂದರೆ ಅದು ಟ್ರೈಲಿನಿಯೇಟಸ್ ಅನ್ನುವ ಬೇರೆ ಜಾತಿಯ ಕೋರಿ. ನಿಜವಾದ ಜೂಲಿಯ ತಲೆಯ ಮೇಲೆ ಸಣ್ಣ ಚುಕ್ಕೆಗಳು ಬಿಡಿಬಿಡಿಯಾಗಿರುತ್ತವೆ.

ಎರಡಕ್ಕೂ ಪಕ್ಕೆಯ ಉದ್ದಕ್ಕೆ ಕಪ್ಪು ಗೆರೆ, ಬೆನ್ನಿನ ರೆಕ್ಕೆಯ ಮೇಲೆ ಕಪ್ಪು ಮಚ್ಚೆ. ದೂರದಿಂದ ಗೊತ್ತೇ ಆಗುವುದಿಲ್ಲ. ಜೂಲಿ ಈಶಾನ್ಯ ಬ್ರೆಜಿಲ್ ಕಡೆಯದು, ಟ್ರೈಲಿನಿಯೇಟಸ್ ಪೆರು ಕಡೆಯದು. ಜೂಲಿ ಅಂತ ಮಾರಾಟವಾಗುವುದರಲ್ಲಿ ಬಹುಪಾಲು ಈ ಎರಡನೆಯದೇ. ಕೆಲವು ಟ್ರೈಲಿನಿಯೇಟಸ್‌ಗೂ ಅಲ್ಲಲ್ಲಿ ಬಿಡಿ ಚುಕ್ಕೆ ಇರುತ್ತವೆ. ಹಾಗಾಗಿ ಒಂದೇ ಮೀನು ನೋಡಬೇಡಿ, ಇಡೀ ಗುಂಪನ್ನು ನೋಡಿ. ಅಂಗಡಿಯವರಿಗೆ ಫೋನ್ ಮಾಡಿದೆ. “ಅದ ಐತ್ರಿ ಸರ, ದೊಡ್ಡದಾದ ಮ್ಯಾಲ ಚುಕ್ಕಿ ಬಿಡಿಬಿಡಿ ಆಗ್ತಾವ್ರಿ” ಅಂದರು! ಮೀನುಗಳು ಚೆನ್ನಾಗಿಯೇ ಇವೆ, ಅದು ಬೇರೆ ಮಾತು. ಆದರೆ ಜಾಸ್ತಿ ದುಡ್ಡು ಕೊಟ್ಟಿದ್ದು ಆ ಹೆಸರಿಗೆ ಅಲ್ವಾ?

ಪೆಪ್ಪರ್ಡ್ ಗುರುತು ಸುಲಭ. ಮೈತುಂಬಾ ಕಪ್ಪು ಮಚ್ಚೆ, ಬೆಳಕಿಗೆ ಹಸಿರು ಹೊಳಪು. ಆದರೆ ತಂಪು ನೀರಿನ ಮೀನು. ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುತ್ತದೆ. ಕೋರಿಗಳು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಸಹಜ, ಇವು ಮಾತ್ರ ಇಡೀ ಮಧ್ಯಾಹ್ನ ಅದನ್ನೇ ಮಾಡುತ್ತಿದ್ದವು. ಬೆಳಗಾವಿಯವರು ಸಾಕಬಹುದು.

ಸ್ಟರ್ಬೈ ಬಿಸಿಯನ್ನು ಇವೆರಡಕ್ಕಿಂತ ಚೆನ್ನಾಗಿ ತಡೆಯುತ್ತದೆ. 28 ಡಿಗ್ರಿಯಲ್ಲೂ ಮರಳಿಗೆ ಮೂತಿ ತೂರಿಸಿ ಕೆದಕುತ್ತಲೇ ಇರುತ್ತದೆ. ನನ್ನ ಹತ್ತಿರ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲ, ತರುವ ಯೋಚನೆಯೂ ಇಲ್ಲ. ಬೇಸಿಗೆಯಲ್ಲಿ ಮುಚ್ಚಳ ತೆಗೆದು ಸಣ್ಣ ಫ್ಯಾನ್ ಹಚ್ಚಿದರೆ ಸಾಕು. ಗುರುತಿಗೂ ಪರದಾಡಬೇಕಿಲ್ಲ: ಕಪ್ಪು ತಲೆ, ಬಿಳಿ ಚುಕ್ಕೆ, ಎದೆಯ ರೆಕ್ಕೆಗೆ ಕಿತ್ತಳೆ ಬಣ್ಣ. ಇದನ್ನೇ ಹೋಲುವ ಹರಾಲ್ಡ್‌ಶುಲ್ಟ್ಸೈ ಅನ್ನುವ ಇನ್ನೊಂದು ಕೋರಿ ಇದೆ, ಅದರದ್ದು ಉಲ್ಟಾ, ಬಿಳಿಚಿದ ತಲೆಯ ಮೇಲೆ ಕಪ್ಪು ಚುಕ್ಕೆ.

ಬೆಲೆ ಜಾಸ್ತಿಯೇ. ಆರಾದರೂ ಒಟ್ಟಿಗೆ ಬೇಕು, ಹಾಗಾಗಿ ನಾನು ಎರಡು ಕಂತಿನಲ್ಲಿ ತಂದೆ. ಅಷ್ಟು ಆಗದಿದ್ದರೆ ಬ್ರಾಂಜ್ ಕೋರಿ ತೆಗೆದುಕೊಳ್ಳಿ, ಜೂಲಿ ಚೀಟಿಗೆ ಮಾತ್ರ ದುಡ್ಡು ಕೊಡಬೇಡಿ. ಯಾವುದೇ ತಂದರೂ ಬಲೆಯ ಬದಲು ಪ್ಲಾಸ್ಟಿಕ್ ಲೋಟದಲ್ಲಿ ಹಿಡಿಯಲು ಹೇಳಿ. ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದು ಭಾರಿ ಕಷ್ಟ.