ಕಠೋಪನಿಷತ್ತಿನ ರಥ: ಚಿಕ್ಕಮಗಳೂರಿನ ಭಾನುವಾರದ ಪಾಠ ಹೇಗಿದೆ?

ಚಿಕ್ಕಮಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಈ ಉಪನಿಷತ್ ಪಾಠ ಕಥೆ ಹೇಳುವ ಪ್ರವಚನವಲ್ಲ. ಮಂತ್ರವನ್ನು ಅಂತರಂಗದ ನಕ್ಷೆಯಾಗಿ ಓದಿಸುತ್ತಾರೆ. ಈಗ ಕಠೋಪನಿಷತ್ತಿನ ಮೂರನೇ ವಲ್ಲಿ, ಅಂದರೆ ಮೂರನೇ ಭಾಗ, ನಡೆಯುತ್ತಿದೆ. ಮೊದಲು ಪದಚ್ಛೇದ (ಪದಗಳನ್ನು ಬಿಡಿಸುವುದು), ಆಮೇಲೆ ಅನ್ವಯ (ಅವನ್ನು ಅರ್ಥವಾಗುವ ಕ್ರಮದಲ್ಲಿ ಜೋಡಿಸುವುದು), ಕೊನೆಗಷ್ಟೇ ಸಂಕೇತ. ಈ ಸರದಿ ಕೆಡಿಸದಿರುವುದೇ ಪಾಠದ ದೊಡ್ಡ ಗುಣ.

ಈ ವಲ್ಲಿಯ ರಥದ ಹೋಲಿಕೆ ಹೀಗಿದೆ: ಆತ್ಮ ರಥದ ಒಡೆಯ, ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ವಿಷಯಗಳು (ಇಂದ್ರಿಯಗಳು ಬೆನ್ನಟ್ಟುವ ವಸ್ತುಗಳು) ದಾರಿ. ಬಹಳ ಕಡೆ ಮನಸ್ಸನ್ನೇ ಸಾರಥಿ ಎಂದುಬಿಡುತ್ತಾರೆ. ಹಾಗಾದರೆ ಲಗಾಮು ಹಿಡಿಯುವವರೇ ಇಲ್ಲ! ಇಲ್ಲಿ ಆ ಎಡವಟ್ಟಿಲ್ಲ. 13ನೇ ಮಂತ್ರವನ್ನು ಅಭ್ಯಾಸಕ್ಕಿಳಿಸಿದ್ದು ಇನ್ನೂ ಚೆನ್ನ: ಮಾತನ್ನು ಮನಸ್ಸಿನಲ್ಲಿ, ಮನಸ್ಸನ್ನು ಬುದ್ಧಿಯಲ್ಲಿ, ಬುದ್ಧಿಯನ್ನು ಮಹತ್ತಿನಲ್ಲಿ (ಎಲ್ಲ ಬುದ್ಧಿಗಳಿಗೂ ಮೂಲವಾದ ಸಮಷ್ಟಿ ಬುದ್ಧಿಯಲ್ಲಿ), ಅದನ್ನು ಶಾಂತ ಆತ್ಮದಲ್ಲಿ ಅಡಗಿಸುವುದು. ಮೊದಲ ಮೆಟ್ಟಿಲಿಗೇ ವಾರಗಟ್ಟಲೆ ಬೇಕು. ಬಾಯಿ ಮುಚ್ಚಿದ ಮೇಲೂ ಒಳಗಿನ ವಟವಟ ನಿಲ್ಲುವುದಿಲ್ಲವಲ್ಲ.

ಕೊರತೆಗಳೂ ಇವೆ. ಗೋಡೆಯ ಚಿತ್ರದಲ್ಲಿ ಐದು ಕುದುರೆ. ಮಂತ್ರದಲ್ಲಿ ಸಂಖ್ಯೆಯೇ ಇಲ್ಲ. ಈ ಉಪನಿಷತ್ತಿನ ಕಥೆಯ ಬಾಲಕ ನಚಿಕೇತ ಯಮನ ಮನೆಯಲ್ಲಿ ಕಾದ 3 ರಾತ್ರಿಗಳನ್ನು ಎಚ್ಚರ, ಕನಸು, ನಿದ್ರೆಗೆ ಹೊಂದಿಸಿದ್ದು ಎಳೆದು ಕಟ್ಟಿದಂತಿದೆ. ಆ ಅವಸ್ಥೆಗಳ ಕ್ರಮಬದ್ಧ ವಿಚಾರ ಬೇಕಾದರೆ 12 ಮಂತ್ರಗಳ ಮಾಂಡೂಕ್ಯ ಉಪನಿಷತ್ತೇ ಇದೆ. ಶೃಂಗೇರಿ ಇರುವ ಜಿಲ್ಲೆಯಲ್ಲಿ ಶಾಂಕರ ಭಾಷ್ಯವನ್ನು (ಶಂಕರಾಚಾರ್ಯರ ವ್ಯಾಖ್ಯಾನವನ್ನು) ಇಷ್ಟು ಕಡಿಮೆ ತೆರೆಯುವುದು ಏಕೋ!

ಮೂಲ, ಪದಾರ್ಥ, ಕನ್ನಡ ತಾತ್ಪರ್ಯ ಮೂರೂ ಇರುವ ಪುಸ್ತಕ ಒಯ್ಯಿರಿ. ಮಳೆಗಾಲದಲ್ಲಿ ಮುಂದಿನ ಸಾಲಿನಲ್ಲೇ ಕೂರಿ. ತಗಡಿನ ಚಾವಣಿಯ ಸದ್ದಿಗೆ ಹಿಂದೆ ಏನೂ ಕೇಳಿಸದು.