ಬೆಕ್ಕಿನ ಥೈರಾಯ್ಡ್ ಮಾತ್ರೆ: ಔಷಧಿ ಪಾಸ್, ತಿನ್ನಿಸುವ ಕೆಲಸ ಫೇಲ್

ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆಗೆ ಕೊಡುವ ಮೆಥಿಮಜೋಲ್ 5 ಮಿಲಿಗ್ರಾಂ ಮಾತ್ರೆ ನಮ್ಮ ಮನೆಗೆ ಬಂದು ಎರಡನೇ ವರ್ಷ ನಡೆಯುತ್ತಿದೆ. ತಿನ್ನುವವಳು ಸುಬ್ಬಿ, 13 ವರ್ಷದ ಬೆಕ್ಕು. ಔಷಧಿ ಕೆಲಸ ಮಾಡುತ್ತದೆ, ಅದರ ಬಗ್ಗೆ ತಕರಾರಿಲ್ಲ. ನನ್ನ ಜಗಳ ಏನಿದ್ದರೂ ಮಾತ್ರೆಯ ಗಾತ್ರ ಮತ್ತು ಕಹಿಯ ಜೊತೆ.

ಎಷ್ಟು ತಿಂದರೂ ಬಡಕಲಾಗುವುದು, ವಾಂತಿ, ನಡುರಾತ್ರಿ ಕೂಗಾಟ, ಆಮೇಲೆ ಟಿ4 (ಥೈರಾಯ್ಡ್ ಹಾರ್ಮೋನ್) ರಕ್ತಪರೀಕ್ಷೆ, ಇದೆಲ್ಲ ನಿಮಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ಇದನ್ನು ಓದಲು ಬರುತ್ತಿರಲಿಲ್ಲ ಅಲ್ವಾ?

ಇದು ಮನುಷ್ಯರ ಮಾತ್ರೆ. ಸುಬ್ಬಿಗೆ ಬೇಕಿರುವುದು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಕಟರ್‌ನಲ್ಲಿಟ್ಟು ಒತ್ತಿದರೆ ಒಂದು ಅರ್ಧ ನೆಟ್ಟಗೆ ಬರುತ್ತದೆ, ಇನ್ನೊಂದು ಪುಡಿಪುಡಿ. ಆ ಪುಡಿ ಕೈಗೆ ತಾಗಬಾರದು, ಗ್ಲೌಸ್ ಹಾಕಿಕೊಳ್ಳಬೇಕು. ಗರ್ಭಿಣಿಯರಂತೂ ಮುಟ್ಟಲೇಬಾರದು. ಕತ್ತರಿಸಿದ ಕಡೆಯಿಂದ ಕಹಿ ಬೇರೆ. ವಿದೇಶದಲ್ಲಿ ಬೆಕ್ಕಿಗೆಂದೇ ಸಕ್ಕರೆ ಲೇಪದ 2.5 ಮಿಲಿಗ್ರಾಂ ಮಾತ್ರೆ ಇದೆ, ಕಿವಿಯ ಒಳಗೆ ಹಚ್ಚುವ ಜೆಲ್ ಕೂಡ ಇದೆ. ನನಗೆ ಇಲ್ಲಿ ಎರಡೂ ಸಿಕ್ಕಿಲ್ಲ.

ಹಾಗಾಗಿ ದಿನಾ ಬೆಳಿಗ್ಗೆ ನಾಟಕ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬೇಯಿಸಿದ ಕೋಳಿ ಲಿವರ್‌ನ ಮೂರು ಸಣ್ಣ ತುಂಡು ತಯಾರಾಗಬೇಕು. ಮೊದಲನೆಯದು ಖಾಲಿ, ನಂಬಿಕೆ ಹುಟ್ಟಿಸಲು. ಎರಡನೆಯದರಲ್ಲಿ ಮಾತ್ರೆ. ಅದನ್ನು ಕೊಡುವಾಗಲೇ ಮೂರನೆಯದು ಅವಳ ಕಣ್ಣಿಗೆ ಬೀಳುವ ಹಾಗೆ ಹಿಡಿದಿರಬೇಕು, ಆಗ ಆಸೆಗೆ ಅಗಿಯದೆ ನುಂಗುತ್ತಾಳೆ. ಕರೆಂಟ್ ಹೋಗಿ ಲಿವರ್ ತಣ್ಣಗೇ ಉಳಿದರೆ ಮುಗಿಯಿತು, ಅವಳು ಮೂಸಿಯೂ ನೋಡುವುದಿಲ್ಲ. ಅಂಥ ದಿನ ಬಾಯಿ ಬಿಡಿಸಿ ನಾಲಿಗೆಯ ಬುಡಕ್ಕೆ ಹಾಕಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಸ್ವಲ್ಪ ನೀರು. ನೀರು ಮರೆಯಬೇಡಿ, ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಗಾಯವಾಗುತ್ತದೆ. ಇಷ್ಟೆಲ್ಲ ಆದಮೇಲೂ ಸೋಫಾ ಕೆಳಗೆ ಗುಡಿಸುವಾಗ ಒಂದು ಅರ್ಧ ಸಿಗುತ್ತದೆ!

ಅಮ್ಮನಿಗೂ ಥೈರಾಯ್ಡ್. ಅವರದು ಕಮ್ಮಿ, ಇವಳದು ಜಾಸ್ತಿ. "ನಿಂದು ಸ್ವಲ್ಪ ನಂಗೆ ಕೊಟ್ಟಿದ್ರೆ ಇಬ್ರಿಗೂ ಸರಿಹೋಗ್ತಿತ್ತಲ್ಲೇ" ಅಂತ ಅಮ್ಮ ಸುಬ್ಬಿಗೆ ಹೇಳುತ್ತಿರುತ್ತಾರೆ. ಎರಡೂ ಡಬ್ಬಿ ಬೇರೆ ಬೇರೆ ಕಪಾಟಿನಲ್ಲಿವೆ, ಬೇಕಂತಲೇ.

ಇಷ್ಟು ಗೊಣಗಿದರೂ ನಿಲ್ಲಿಸುವ ಯೋಚನೆ ಬಂದಿಲ್ಲ. ಕೆಲವು ವಾರಗಳಲ್ಲೇ ಬೆನ್ನುಮೂಳೆ ಕೈಗೆ ಸಿಗುವುದು ಕಮ್ಮಿಯಾಯಿತು, ರಾತ್ರಿಯ ಕೂಗು ನಿಂತಿತು, ಕೆಳಗಿನ ಮನೆಯವರು ಮತ್ತೆ ನಗಲು ಶುರು ಮಾಡಿದರು. ಮಧ್ಯಾಹ್ನದ ಬಿಸಿಲಿಗೆ ಬಾಲ್ಕನಿಯಲ್ಲಿ ಕಾಲು ಚಾಚಿ ಮಲಗುತ್ತಾಳೆ. ಮೊದಲು ಕೂತ ಕಡೆ ಕೂರುತ್ತಲೇ ಇರಲಿಲ್ಲ.

ಖರ್ಚಿನ ವಿಷಯ. ಮಾತ್ರೆ ಅಗ್ಗ, ರಕ್ತಪರೀಕ್ಷೆ ಅಲ್ಲ. ಟಿ4 ಒಂದೇ ಸಾಲದು, ಮೂತ್ರಪಿಂಡದ ಪರೀಕ್ಷೆಯೂ ಬೇಕು. ಥೈರಾಯ್ಡ್ ಜಾಸ್ತಿ ಇದ್ದಾಗ ಮೂತ್ರಪಿಂಡಕ್ಕೆ ರಕ್ತ ಹೆಚ್ಚು ಹರಿಯುವುದರಿಂದ ಅದರ ತೊಂದರೆ ಮುಚ್ಚಿಹೋಗಿರುತ್ತದೆ, ಮಾತ್ರೆ ಹಿಡಿತಕ್ಕೆ ತಂದಮೇಲೆ ಬಯಲಾಗುತ್ತದೆ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸುಬ್ಬಿಗೆ ಹೀಗೇ ಸ್ವಲ್ಪ ಮೇಲೆ ಹೋಯಿತು, ಈಗ ಅದರ ಮೇಲೂ ಕಣ್ಣಿಟ್ಟಿದ್ದೇವೆ. ಮೊದಲ ಮೂರು ತಿಂಗಳು ಮುಖ ಕೆರೆದುಕೊಳ್ಳುತ್ತದಾ, ಊಟ ಬಿಡುತ್ತದಾ ನೋಡುತ್ತಿರಿ. ಕಂಡರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ. ದುಡ್ಡು ಉಳಿಸಬೇಕೆಂದರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಇದೆ. ಆ ಟ್ರಾಫಿಕ್‌ನಲ್ಲಿ ಬುಟ್ಟಿಯೊಳಗೆ ಅರಚುವ ಬೆಕ್ಕಿನ ಜೊತೆ ಆಟೋದಲ್ಲಿ ಕೂರುವ ತಾಳ್ಮೆ ನಿಮ್ಮದು.

ಮಾತ್ರೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ ಅಷ್ಟೇ. ನಿಲ್ಲಿಸಿದರೆ ಮತ್ತೆ ಶುರು. ವಿಕಿರಣ ಅಯೋಡಿನ್ನಿನ ಒಂದೇ ಡೋಸಿಗೆ ಹೆಚ್ಚಿನ ಬೆಕ್ಕುಗಳು ಪೂರ್ತಿ ವಾಸಿಯಾಗುತ್ತವೆ, ಆದರೆ ನಮ್ಮ ಡಾಕ್ಟರಿಗೆ ಇಲ್ಲಿ ಅದನ್ನು ಮಾಡುವ ಜಾಗ ಗೊತ್ತಿರಲಿಲ್ಲ. ಅಯೋಡಿನ್ ಕಮ್ಮಿ ಇರುವ ಆಹಾರವೂ ಇದೆ, ಆದರೆ ಅದೊಂದನ್ನು ಬಿಟ್ಟು ಬೇರೇನೂ ತಿನ್ನಬಾರದು. ಮೇಲಿನ ಮನೆಯ ಆಂಟಿ ದಿನಾ ಬೂತಾಯಿ ಮೀನಿನ ತಲೆ ಹಾಕುವ ಬೀದಿಯಲ್ಲಿ ಅದು ಆಗುವ ಮಾತಲ್ಲ.

ಔಷಧಿಗೆ ನಾಲ್ಕು ಸ್ಟಾರ್, ಕಟರ್‌ಗೆ ಒಂದು. ಪುಡಿಯಾಗದ ಹಾಗೆ ಕತ್ತರಿಸುವ ಕಟರ್ ಯಾರಿಗಾದರೂ ಸಿಕ್ಕಿದ್ದರೆ ಎಲ್ಲಿ ಅಂತ ಹೇಳಿ.