ಕುಸಿದ ಹಿಂದಿನ ಪ್ಲೇಟ್: ಕ್ಯಾಂಬರ್ ಏರಿಸೋದಾ, ಒಂದು ಪ್ಲೇಟ್ ಸೇರಿಸೋದಾ, ಹೊಸ ಸೆಟ್ಟಾ?

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಲೆಕ್ಕ 15 ಕೆಜಿ ಬಾಕ್ಸಿನದು. 100 ಬಾಕ್ಸ್ ಹೇರಿದರೆ ಹಣ್ಣೇ ಒಂದೂವರೆ ಟನ್, ಕ್ರೇಟಿನ ತೂಕ ಬೇರೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ತೋಟದ ದಾರಿಗಳಲ್ಲಿ ಈ ಭಾರ ಹೊತ್ತು ಓಡುವ ಪಿಕಪ್‌ಗೆ ಹಿಂದಿನ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ಕುಸಿಯುವುದು ಯಾವತ್ತಿದ್ದರೂ ಇದ್ದದ್ದೇ. ಆಗ ಎದುರಿಗೆ ಮೂರು ದಾರಿ: ಕ್ಯಾಂಬರ್, ಅಂದರೆ ಪ್ಲೇಟಿನ ಬಾಗು, ಮತ್ತೆ ಏರಿಸುವುದು; ಒಂದು ಪ್ಲೇಟ್ ಸೇರಿಸುವುದು; ಹೊಸ ಸೆಟ್ ಹಾಕುವುದು. ಮೂರನ್ನೂ ಇಂಥ ಗಾಡಿಗಳಿಗೆ ಮಾಡಿ, ಓಡಿಸಿ ನೋಡಿದ ಮೇಲಿನ ಮಾತಿದು.

ಮೊದಲು ಅಳತೆ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಎರಡೂ ಹಿಂದಿನ ಟೈರಿಗೆ ಒಂದೇ ಗಾಳಿ ಹಿಡಿಸಿ, ಆಕ್ಸಲ್ ಮೇಲ್ಭಾಗದಿಂದ ಚಾಸಿಗೆ ಇರುವ ಅಂತರ ಎರಡೂ ಬದಿ ಟೇಪ್ ಹಿಡಿದು ನೋಡಿ. ಎಡ-ಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕುಸಿತಕ್ಕಿಂತ ಮುಂಚೆ ಮುರಿದ ಪ್ಲೇಟ್ ಹುಡುಕಬೇಕು. ವೈರ್ ಬ್ರಷ್‌ನಿಂದ ಮಣ್ಣು ಉಜ್ಜಿ, ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್‌ನ ತೂತಿನ ಅಕ್ಕಪಕ್ಕ, ಮತ್ತು ಎಲ್ಲಕ್ಕಿಂತ ಮೇಲಿನ ಮೇನ್ ಪ್ಲೇಟಿನ ಕಣ್ಣಿನ (ತುದಿಯ ಸುರುಳಿಯ) ಬುಡ ನೋಡಿ. ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲೇ. ಬಿರುಕು ಕಂಡರೆ ಕ್ಯಾಂಬರ್ ಮಾತೇ ಬೇಡ, ವೆಲ್ಡಿಂಗ್ ಅಂತೂ ಬೇಡವೇ ಬೇಡ: ಹದ ಮಾಡಿದ ಉಕ್ಕಿಗೆ ವೆಲ್ಡ್ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಕ್ಯಾಂಬರ್ ಏರಿಸುವುದು ಮೂರರಲ್ಲೂ ಅಗ್ಗ. ಸೆಟ್ ಬಿಚ್ಚಿ, ಒಂದೊಂದೇ ಪ್ಲೇಟನ್ನು ಹಳ್ಳವಿರುವ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಾಗಿಸುತ್ತಾರೆ. ಸಂಜೆ ಗಾಡಿ ಎತ್ತರವಾಗಿ ನಿಂತಿರುತ್ತದೆ, ಮಾಲೀಕನಿಗೂ ಖುಷಿ. ಆದರೆ ಸುಗ್ಗಿ ಮುಗಿಯುವಷ್ಟರಲ್ಲಿ ಹಳೇ ಮಟ್ಟಕ್ಕೆ ಇಳಿದಿರುತ್ತದೆ. ಕಾರಣ ಹೀಗೆ. ಲೋಡ್ ಬಿದ್ದಾಗ ಪ್ಲೇಟಿನ ಒಳಬಾಗಿದ ಮೇಲ್ಮೈ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಆ ಮುಖಕ್ಕೆ ಸಣ್ಣ ಉಕ್ಕಿನ ಗುಂಡುಗಳನ್ನು ಸಿಡಿಸಿ ಗಟ್ಟಿ ಮಾಡುತ್ತಾರೆ, ಜೋಡಿಸಿದ ಸೆಟ್ಟನ್ನು ಲೋಡ್ ಬೀಳುವ ದಿಕ್ಕಿಗೇ ಮಿತಿ ಮೀರಿ ಒತ್ತಿ ಬಿಡುತ್ತಾರೆ. ಇದರಿಂದ ಆ ಮುಖದಲ್ಲಿ ಒತ್ತಡ ಉಳಿದು, ಮುಂದೆ ಬರುವ ಎಳೆತವನ್ನು ಅಷ್ಟರ ಮಟ್ಟಿಗೆ ತಡೆಯುತ್ತದೆ. ಕ್ಯಾಂಬರ್ ಏರಿಸುವಾಗ ಬಾಗಿಸುವುದು ತದ್ವಿರುದ್ಧ ದಿಕ್ಕಿಗೆ. ಅದೇ ಮುಖದಲ್ಲಿ ಈಗ ಎಳೆತವೇ ಉಳಿಯುತ್ತದೆ. ಮೇಲಿಂದ ಸುತ್ತಿಗೆ ಏಟಿನ ಗುಳಿಗಳೂ ಬಿರುಕಿಗೆ ದಾರಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿದರೆ ಹದವೇ ಹೋಗುತ್ತದೆ. ಮತ್ತೆ ಎಣ್ಣೆಯಲ್ಲಿ ತಣಿಸಿ, ಲೆಕ್ಕದ ಬಿಸಿಯಲ್ಲಿ ಹದಗೊಳಿಸುವ ಫರ್ನೇಸ್ ಇಲ್ಲದ ಕಡೆ ಕಾಯಿಸಲು ಬಿಡಬೇಡಿ. ಖಾಲಿ ಕ್ರೇಟು, ಹೂವು, ಸೊಪ್ಪಿನಂಥ ಹಗುರ ಲೋಡಿನ ಗಾಡಿಗೆ ತಣ್ಣನೆಯ ಕ್ಯಾಂಬರ್ ಸಾಕು. ಟೊಮೆಟೊ ಗಾಡಿಗೆ ಅದು ಹೊಸ ಸೆಟ್ಟಿಗೆ ದುಡ್ಡು ಹೊಂದಿಸುವ ತನಕದ ಉಪಾಯ, ಅಷ್ಟೆ.

ಎರಡನೆಯದು ಪ್ಲೇಟ್ ಸೇರಿಸುವುದು. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವುದು ಇದೇ, ಹೆಚ್ಚು ಕೆಡುವುದೂ ಇದರಲ್ಲೇ. ಒಂದೇ ದಪ್ಪದ 5 ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಆರನೆಯದು ಸೇರಿದರೆ ಬಿಗಿ ಸುಮಾರು ಶೇ. 20 ಏರುತ್ತದೆ. ದಪ್ಪದ ಲೆಕ್ಕ ಮಾತ್ರ ಬೇರೆ, ಅದು ಘನದಲ್ಲಿ ಏರುತ್ತದೆ: 8 ಮಿ.ಮೀ. ಬದಲು 9 ಮಿ.ಮೀ. ಹಾಕಿದರೆ ಆ ಒಂದು ಪ್ಲೇಟ್ ಶೇ. 42ರಷ್ಟು ಹೆಚ್ಚು ಬಿಗಿ. ಗುಜರಿಯಲ್ಲಿ ಸಿಕ್ಕ ಲಾರಿ ಪ್ಲೇಟ್ ಕತ್ತರಿಸಿ ತುರುಕಿದರೆ ಲೋಡೆಲ್ಲ ಅದರ ಮೇಲೇ ನಿಂತು ಮುರಿಯುವುದು ಇದಕ್ಕೇ. ಸೇರಿಸುವ ಪ್ಲೇಟ್ ಅದೇ ಅಗಲ, ಅದೇ ದಪ್ಪದ್ದಾಗಿರಲಿ. ಉದ್ದ ಮೇಲಿನ ಮತ್ತು ಕೆಳಗಿನ ಪ್ಲೇಟುಗಳ ನಡುವಿನದಾಗಿರಲಿ. ಬಾಗು ಮೇಲಿನದಕ್ಕಿಂತ ತುಸು ಹೆಚ್ಚಿರಬೇಕು, ಅಂದರೆ ಸೆಂಟರ್ ಬೋಲ್ಟ್ ಬಿಗಿಯುವ ಮುಂಚೆ ತುದಿಗಳು ತಾಗಿ, ನಡುವೆ ಎರಡು-ಮೂರು ಮಿ.ಮೀ. ಸಂದು ಕಾಣಬೇಕು. ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಉದ್ದನೆಯವು, ಹೊಸವೇ ಬೇಕು. ಒಮ್ಮೆ ಬಿಗಿದು ಎಳೆದುಕೊಂಡ ಹಳೇ ಯು-ಬೋಲ್ಟ್ ಮತ್ತೆ ಹಿಡಿತ ಕೊಡುವುದಿಲ್ಲ. ಹಿಡಿತ ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದೆ-ಮುಂದೆ ಸರಿಯುತ್ತದೆ, ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ, ನೆಟ್ಟಗೆ ಹೋಗಬೇಕಾದರೆ ಸ್ಟೀರಿಂಗ್ ತಿರುಗಿಸಿಯೇ ಹಿಡಿದಿರಬೇಕು.

ಪ್ಲೇಟ್ ಸೇರಿಸಿದ ಮೇಲೆ ಬರುವ ಸ್ಟೀರಿಂಗ್ ದೂರಿಗೆ ಇನ್ನೊಂದು ಮೂಲವಿದೆ. ಮುಂದಿನ-ಹಿಂದಿನ ಆಕ್ಸಲ್ ನಡುವಿನ ಅಂತರ (ವೀಲ್‌ಬೇಸ್) 3 ಮೀಟರ್ ಇರುವ ಗಾಡಿಯ ಹಿಂಭಾಗ 40 ಮಿ.ಮೀ. ಎತ್ತಿದರೆ ಚಾಸಿ ಸುಮಾರು ಮುಕ್ಕಾಲು ಡಿಗ್ರಿ ಮುಂದಕ್ಕೆ ವಾಲುತ್ತದೆ, ಮುಂದಿನ ಚಕ್ರದ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಅಷ್ಟೇ ಕಡಿಮೆಯಾಗುತ್ತದೆ. ಚೆನ್ನೈ ಹೈವೇಯಲ್ಲಿ ಖಾಲಿ ಗಾಡಿ ಅತ್ತಿತ್ತ ತೇಲುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಆಗ ಗ್ಯಾರೇಜಿನಲ್ಲಿ ಟೈ ರಾಡ್ ಎಂಡ್ ಬದಲಾಯಿಸುತ್ತಾರೆ, ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡುತ್ತಾರೆ, ದೂರು ಹಾಗೇ ಉಳಿಯುತ್ತದೆ. ಬಾಕ್ಸ್ ಅತಿಯಾಗಿ ಬಿಗಿಯಾದರೆ ನೆಟ್ಟಗಿನ ಜಾಗದಲ್ಲೇ ಕಚ್ಚಿ ಇನ್ನಷ್ಟು ಕೆಡುತ್ತದೆ. ಮೊದಲು ಪರೀಕ್ಷಿಸಿ: ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡ-ಬಲಕ್ಕೆ ಸಣ್ಣಗೆ ಅಲ್ಲಾಡಿಸಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಅಂಗೈ ಇಟ್ಟು ನೋಡಲಿ. ಕಟಕಟ ಬೆರಳಿಗೆ ತಾಗಿದರೆ ಆ ಜಾಯಿಂಟ್ ಬದಲಿಸಿ. ಎಲ್ಲೂ ಆಟವಿಲ್ಲ, ಆದರೂ ಗಾಡಿ ತೇಲುತ್ತದೆ ಎಂದರೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಕ್ಯಾಸ್ಟರ್ ಅಳೆಸಿ, ಬರೀ ಟೋ (ಚಕ್ರಗಳು ಒಳ-ಹೊರಕ್ಕೆ ತಿರುಗಿರುವ ಅಳತೆ) ಅಲ್ಲ.

ಬ್ರೇಕಿನದು ಇನ್ನೂ ಗಂಭೀರ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಲಿಂಕ್ ಕಟ್ಟಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಬಾಡಿ ಕೆಳಗಿಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಪ್ರೆಶರ್ ಬಿಡುತ್ತದೆ. ಪ್ಲೇಟ್ ಸೇರಿಸಿ ಎತ್ತಿದ ಗಾಡಿ ಲೋಡಿನಲ್ಲೂ ಮೊದಲಿನಷ್ಟು ಇಳಿಯುವುದಿಲ್ಲ, ವಾಲ್ವ್ ಅದನ್ನು ಹಗುರ ಲೋಡಿನ ಗಾಡಿ ಎಂದೇ ತಿಳಿಯುತ್ತದೆ. ಮುಂದಿನ ಪ್ಯಾಡ್ ಬೇಗ ಸವೆಯುತ್ತದೆ, ತುಂಬಿದ ಗಾಡಿ ನಿಲ್ಲಲು ದೂರ ಬೇಕಾಗುತ್ತದೆ. ಲಿಂಕನ್ನು ಕೈಪಿಡಿಯ ಪ್ರಕಾರ ಮತ್ತೆ ಹೊಂದಿಸದೆ ಗಾಡಿ ಆಚೆ ಬಿಡಬಾರದು. ಪ್ಲೇಟ್ ಹೆಚ್ಚಾಯಿತು ಎಂದು ಆಕ್ಸಲ್, ಟೈರ್, ಆರ್‌ಸಿಯಲ್ಲಿ ಬರೆದ ತೂಕ ಹೆಚ್ಚಾಗುವುದಿಲ್ಲ ಎಂಬುದನ್ನೂ ಹೇಳಬೇಕೆ?

ಹೊಸ ಸೆಟ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ತೊಂದರೆಯೂ ಕಡಿಮೆ. ಎತ್ತರ, ಕ್ಯಾಸ್ಟರ್, ವಾಲ್ವ್ ಎಲ್ಲ ಕಂಪನಿ ಲೆಕ್ಕಕ್ಕೆ ಬರುತ್ತದೆ. ದುಡ್ಡು ಹೆಚ್ಚು, ಒಂದೇ ಬದಿಗೆ ಹಾಕುವ ಹಾಗೂ ಇಲ್ಲ. ವರ್ಷವಿಡೀ ಭಾರ ಹೊರುವ ಗಾಡಿಗೆ ನಮ್ಮ ಆಯ್ಕೆ ಇದೇ. ಪ್ಲೇಟ್ ಸೇರಿಸುವುದೇ ಆದರೆ ಸೆಟ್ ಇನ್ನೂ ಹೊಸದಿರುವಾಗ ಸೇರಿಸಿ. ಸತ್ತ ನಾಲ್ಕರ ಜೊತೆ ಜೀವವಿರುವ ಒಂದನ್ನು ಕೂಡಿಸಿದರೆ ದುಡಿಯುವುದು ಆ ಒಂದೇ.

ಯಾವುದನ್ನು ಮಾಡಿದರೂ ಬುಷ್ (ಪ್ಲೇಟಿನ ಕಣ್ಣಿನೊಳಗೆ, ಪಿನ್ನಿನ ಸುತ್ತ ಕೂರುವ ಕೊಳವೆ) ಹೊಸದು ಹಾಕಿ. ರಬ್ಬರ್‌ಗೂ ಪಾಲಿಯುರೆಥೇನ್‌ಗೂ ಇಲ್ಲಿ ರಬ್ಬರೇ ಮೇಲು. ಪಾಲಿಯುರೆಥೇನ್ ಭಾರಕ್ಕೆ ಬಗ್ಗದು, ಆದರೆ ಅದು ಪಿನ್ನಿನ ಸುತ್ತ ಜಾರಿ ತಿರುಗುವುದು. ಗ್ರೀಸ್‌ಗೆ ಕೆಮ್ಮಣ್ಣಿನ ಧೂಳು ಸೇರಿದರೆ ಸಾಣೆಯಾಗಿ ಪಿನ್ ತಿನ್ನುತ್ತದೆ, ಕಿರಗುಟ್ಟುತ್ತದೆ. ರಬ್ಬರ್ ತನ್ನೊಳಗೇ ತಿರುಚಿಕೊಳ್ಳುತ್ತದೆ, ಗ್ರೀಸ್ ಬೇಡ. ಅದಕ್ಕೆ ಶರತ್ತು ಮೂರು. ಸೋಪಿನ ನೀರು ಹಚ್ಚಿ ಕೂರಿಸಿ. ಪ್ಲೇಟಿಗೆ ಹಳೇ ಇಂಜಿನ್ ಆಯಿಲ್ ಎರಚುವ ಅಭ್ಯಾಸ ಬಿಡಿ, ರಬ್ಬರ್ ಉಬ್ಬಿ ಹರಿಯುತ್ತದೆ. ಶ್ಯಾಕಲ್ (ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಮತ್ತು ಪಿನ್ನಿನ ನಟ್ಟನ್ನು ಕೊನೆಗೆ ಬಿಗಿಯುವುದು ಜ್ಯಾಕ್ ಇಳಿಸಿ, ಗಾಡಿಯ ತೂಕ ಚಕ್ರದ ಮೇಲೆ ಬಿದ್ದ ಮೇಲೆಯೇ. ಚಕ್ರ ತೂಗಾಡುವಾಗ ಬಿಗಿದರೆ ಬುಷ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಯು-ಬೋಲ್ಟ್‌ಗಳನ್ನೂ ಆಗಲೇ ಅಡ್ಡಡ್ಡ ಕ್ರಮದಲ್ಲಿ ಟಾರ್ಕ್ ರೆಂಚ್ ಹಿಡಿದು ಬಿಗಿಯಿರಿ, ಲೋಡಿನಲ್ಲಿ ಸುಮಾರು 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ.